ಕಸದ ಬುಟ್ಟಿಯಲ್ಲಿದ್ದ ಏಳು ಕಾಮೆಂಟು

ಕಳೆದ ವರ್ಷದ ಮಾತು. ಶಿವರಾತ್ರಿ ಮುಗಿದು ಬಿಸಿಲು ಏರುತ್ತಿತ್ತು. ನನ್ನ ಬ್ಲಾಗಿನಲ್ಲಿ ಓದುಗರೂ ಕಾಮೆಂಟು ಬರೆಯಲಿ ಎಂದು ಬಾಗಿಲು ತೆರೆದು ಆಗಿನ್ನೂ ಮೂರು ತಿಂಗಳಾಗಿತ್ತು.

ನಮ್ಮದು ಹೊನ್ನವಳ್ಳಿ. ಯಜಮಾನರು ತೋಟ ನೋಡಿಕೊಳ್ಳುತ್ತಾರೆ. ನಾನು ಮನೆ, ತೋಟ, ಅವರು, ಮೂರನ್ನೂ ನೋಡಿಕೊಳ್ಳುತ್ತೇನೆ. ಮಾವನವರು ಇದ್ದಾಗ ತೆಂಗಿನ ಬಗ್ಗೆ ಹೇಳುತ್ತಿದ್ದ ಮಾತುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಅವನ್ನೇ ಒಂದೊಂದಾಗಿ ಬ್ಲಾಗಿಗೆ ಹಾಕುತ್ತಾ ಹೋದೆ. ತೆಂಗಿನ ಎಳೆ ಮಿಡಿ, ಅಂದರೆ ಹರಳು, ಯಾಕೆ ಉದುರುತ್ತದೆ, ಅಟ್ಟದ ಮೇಲೆ ಕಾಯಿ ಹೇಗೆ ಒಣಗಿಸಬೇಕು, ನಡುನಡುವೆ ಒಂದು ಚಟ್ನಿ, ಒಂದು ಒಬ್ಬಟ್ಟು. ತಿಪಟೂರಿನಲ್ಲಿ ಕಂಪ್ಯೂಟರ್ ಪಾಠ ಹೇಳುವ ನನ್ನ ತಂಗಿ ಗೀತಾ ಒಂದು ದಿನ, "ಅಕ್ಕಾ, ನೀನು ಬಾಗ್ಲು ಹಾಕ್ಕೊಂಡು ಒಳಗೆ ಕೂತು ಪಾಠ ಹೇಳ್ತಾ ಇದ್ದೀಯ. ಓದೋರಿಗೂ ಒಂದ್ ಮಾತಾಡೋಕ್ ಬುಡು" ಅಂದಳು. ಸರಿ, ಬಾಗಿಲು ತೆಗೆದೆ.

ಮೊದಲ ವಾರ ಖುಷಿಯೋ ಖುಷಿ. ಎರಡನೇ ವಾರಕ್ಕೆ ಬಾಗಿಲಲ್ಲಿ ಸಂತೆ ಸೇರಿತು. ಹತ್ತು ನಿಮಿಷದಲ್ಲಿ ಸಾಲ ಕೊಡುತ್ತೇವೆ ಎನ್ನುವವರು, ವಶೀಕರಣ ಮಾಡಿಕೊಡುತ್ತೇವೆ ಎನ್ನುವವರು, ಅರ್ಥವೇ ಆಗದ ಇಂಗ್ಲಿಷಿನಲ್ಲಿ ಎಂಥದೋ ಮಾತ್ರೆ ಮಾರುವವರು. ನಾನು ಕೊಬ್ಬರಿ ಬಗ್ಗೆ ಬರೆದರೆ ಕೆಳಗೆ ವಶೀಕರಣದ ಫೋನ್ ನಂಬರು! ಗೀತಾ ಬಂದು ಕಟ್ಟುನಿಟ್ಟು ಮಾಡಿಕೊಟ್ಟಳು. ಯಾರೇ ಬರೆದರೂ ನಾನು ಒಪ್ಪಿದ ಮೇಲೆಯೇ ಅದು ಎಲ್ಲರಿಗೂ ಕಾಣುತ್ತದೆ. ಫೋನ್ ನಂಬರು ಇದ್ದರೆ ನನ್ನ ಕಣ್ಣಿಗೂ ಬೀಳದೆ ನೇರ ಸ್ಪ್ಯಾಮ್ ಬುಟ್ಟಿಗೆ. ನಾನು ಬ್ಲಾಕ್ ಮಾಡಿದವರದ್ದೂ ಅಲ್ಲಿಗೇ.

ಬ್ಲಾಕ್ ಮಾಡಿದ್ದು ಒಬ್ಬನನ್ನು ಮಾತ್ರ. 'ಹಂದನಕೆರೆ ಗಿಡುಗ' ಅಂತ ಹೆಸರಿಟ್ಟುಕೊಂಡಿದ್ದ. ನಾನು ಏನು ಬರೆದರೂ ಅವನದೊಂದು ಕುಟುಕು ಇದ್ದೇ ಇರುತ್ತಿತ್ತು. ಅಟ್ಟದ ಬಗ್ಗೆ ಬರೆದಾಗ, "ಮೊದ್ಲು ಅಟ್ಟ ಹತ್ತಿ ನೋಡಿ, ಆಮೇಲೆ ಬರೀರಿ." ರೋಗ ಬಂದ ಗರಿಯ ಫೋಟೋ ಹಾಕಿದಾಗ, "ಗರಿಗೆ ಏನೂ ಆಗಿಲ್ಲ, ನಿಮ್ಮ ಕಣ್ಣಿಗೆ ಆಗೈತೆ." ಚಟ್ನಿಯನ್ನೂ ಬಿಡಲಿಲ್ಲ, "ತಿಂದೋರು ಬದುಕವ್ರಾ?" ಎಂದು ಕೇಳಿದ. ಕೊನೆಗೆ ಒಂದು ದಿನ, "ಅಮ್ಮಾವ್ರೇ, ಯಾವತ್ತಾದ್ರೂ ಮರ ಹತ್ತಿದ್ದೀರಾ?" ಅಂತ ಬರೆದ. ನನಗೆ ಮೈಯೆಲ್ಲ ಉರಿದುಹೋಯಿತು. ಯಜಮಾನರಿಗೆ ತೋರಿಸಿದರೆ ಅವರು ಓದಿ ನಕ್ಕು, "ಅವನು ಕೇಳಿದ್ರಲ್ಲಿ ತಪ್ಪೇನೈತೆ, ಹತ್ತಿಲ್ವಲ್ಲ ನೀನು" ಅಂದರು. ಅವತ್ತು ಗಿಡುಗನನ್ನು ಬ್ಲಾಕ್ ಮಾಡಿದೆ. ಯಜಮಾನರಿಗೆ ಎರಡನೇ ಸಲ ಸಾರು ಬಡಿಸಲಿಲ್ಲ.

ಆಮೇಲೆ ನಾನು ಬರೆದದ್ದು ನುಸಿ ರೋಗಕ್ಕೆ ಬೇರಿನ ಮೂಲಕ ಔಷಧಿ ಕುಡಿಸುವುದರ ಬಗ್ಗೆ. ಮರದ ಬುಡ ಕೆದಕಿ, ಎಳೆ ಬೇರೊಂದನ್ನು ಓರೆಯಾಗಿ ಕತ್ತರಿಸಿ, ಔಷಧಿ ಬೆರೆಸಿದ ನೀರಿನ ಪ್ಲಾಸ್ಟಿಕ್ ಚೀಲವನ್ನು ಅದಕ್ಕೆ ಕಟ್ಟಿಬಿಟ್ಟರೆ ಮರವೇ ಕುಡಿದುಕೊಳ್ಳುತ್ತದೆ. ಹೇಗೆ ಕತ್ತರಿಸಬೇಕು, ಹೇಗೆ ಕಟ್ಟಬೇಕು, ಎಲ್ಲ ಫೋಟೋ ಸಮೇತ ಬರೆದೆ. ಒಂದನ್ನು ಬರೆಯಲಿಲ್ಲ. ಆ ಔಷಧಿ ವಿಷ, ಎಳನೀರಿಗೂ ಇಳಿಯುತ್ತದೆ. ಹಾಗಾಗಿ ಕುಡಿಸುವ ಮುಂಚೆ ಎಳನೀರು, ಕಾಯಿ ಎಲ್ಲ ಇಳಿಸಿಕೊಳ್ಳಬೇಕು, ಕುಡಿಸಿದ ಮೇಲೆ ಒಂದೂವರೆ ತಿಂಗಳು ಆ ಮರದ ಕಾಯಿ ಮುಟ್ಟಬಾರದು. ಮರೆತು ಯಾರಾದರೂ ಹತ್ತಿಯಾರು ಎಂದು ನಮ್ಮ ಕಡೆ ಅಂಥ ಮರಕ್ಕೆ ಸುಣ್ಣದ ಪಟ್ಟೆ ಬಳಿಯುತ್ತಾರೆ. ಪಟ್ಟೆ ಕಂಡರೆ ಕಾಯಿ ಕೀಳುವವರು ಏನೂ ಕೇಳದೆ ಪಕ್ಕದ ಮರಕ್ಕೆ ಹೋಗುತ್ತಾರೆ. ಇದು ನಮ್ಮ ಮನೆಯ ಮಕ್ಕಳಿಗೂ ಗೊತ್ತು. ಎಲ್ಲರಿಗೂ ಗೊತ್ತಿರುವುದನ್ನು ಬರೆಯಬೇಕು ಅಂತ ನನ್ನ ತಲೆಗೇ ಹೊಳೆಯಲಿಲ್ಲ.

ಆ ಬರಹಕ್ಕೆ ಒಳ್ಳೊಳ್ಳೆಯ ಕಾಮೆಂಟುಗಳು ಬಂದವು. ಶುಕ್ರವಾರ ಬೆಳಿಗ್ಗೆ ಒಲೆಯ ಮೇಲೆ ಕುಕ್ಕರ್ ಇಟ್ಟು, ಫೋನ್ ಹಿಡಿದು ಒಂದೊಂದನ್ನೇ ಒಪ್ಪುತ್ತಾ ಹೋದೆ. ವಿನುತಾ ಎಂಬ ಹುಡುಗಿಯದೂ ಇತ್ತು. "ಅಕ್ಕಾ, ನೀವು ಬರೆಯೋದೆಲ್ಲ ತಪ್ಪದೆ ಓದ್ತೀನಿ" ಎಂದು ಶುರುವಾಗಿತ್ತು. ಅಷ್ಟು ಓದಿದ್ದೇ ಮನಸ್ಸು ತಣ್ಣಗಾಗಿ, ಒಪ್ಪಿ, ಕೆಳಗೆ ಕೈಮುಗಿದಿರುವ ಚಿತ್ರವೊಂದನ್ನು ಹಾಕಿ ಮುಂದಕ್ಕೆ ಹೋದೆ. ಕುಕ್ಕರ್ ಕೂಗಿತು.

ಭಾನುವಾರ ಸ್ಪ್ಯಾಮ್ ಬುಟ್ಟಿ ಖಾಲಿ ಮಾಡುವುದು ನನ್ನ ಅಭ್ಯಾಸ. ಮನೆ ಗುಡಿಸಿ, ಕಾಫಿ ಕುಡಿದು, 'ಎಲ್ಲ ಅಳಿಸು' ಒತ್ತುವುದು. ಆ ಭಾನುವಾರ ಒಂಬತ್ತು ಗಂಟೆಗೆ ಬುಟ್ಟಿ ತೆರೆದೆ. ಮೇಲಿನ ಏಳು ಕಾಮೆಂಟು ಒಂದೇ ಥರ ಕಂಡವು, ಮೊದಲಿನವಕ್ಕೆ ಗಿಡುಗನ ಹೆಸರು. ಗಿಡುಗ ಯಾವಾಗಲೂ ಒಂದು ಸಲ ಕುಟುಕಿ ಹೋಗುವವನು, ಏಳು ಸಲ ಬೈಯುವಷ್ಟು ನಾನೇನು ಮಾಡಿದೆ ಅಂತ ಸಿಟ್ಟಿನಿಂದಲೇ ಓದಿದೆ.

ಮೊದಲನೆಯದು ಶನಿವಾರ ಸಂಜೆಯದು. "ಬುದ್ಧಿ ಐತೇನ್ರಮ್ಮ ನಿಮ್ಗೆ? ಔಷಧಿ ಕುಡಿಸಿದ ಮರದ ಎಳ್ನೀರು ಮಕ್ಕಳಿಗೆ ಕೊಡ್ತೀನಿ ಅಂತಾಳೆ ಆ ಹುಡುಗಿ. ನೀವು ಕೈ ಮುಗೀತೀರಾ?" ಎರಡನೆಯದೂ ಅದೇ. ಮೂರನೆಯದರಲ್ಲಿ ಅವನ ಫೋನ್ ನಂಬರು. ನಾಲ್ಕನೆಯದಕ್ಕೆ ಹೆಸರು ಬದಲಾಗಿ 'ಶುಭೋದಯ' ಆಗಿತ್ತು. "ನಿಮ್ಮ ಬರಹ ಬಹಳ ಚೆನ್ನಾಗಿದೆ ಮೇಡಂ. ದಯವಿಟ್ಟು ಈ ನಂಬರಿಗೆ ಫೋನ್ ಮಾಡಿ." ನಂಬರು ಅದೇ. ಹೊಗಳಿದರೆ ಒಳಗೆ ಬಿಡುತ್ತೇನೆ ಅಂತ ಲೆಕ್ಕ ಹಾಕಿದ್ದ. ಐದು, ಆರು ಕೂಡ ಹಾಗೇ. ಏಳನೆಯದು ಅವತ್ತು ಬೆಳಿಗ್ಗೆ ಆರು ಗಂಟೆಯದು. "ಅಮ್ಮ, ಇಷ್ಟು ದಿನ ಬೈದಿದ್ದಕ್ಕೆ ತಪ್ಪಾಯ್ತು. ಇನ್ಮೇಲೆ ಒಂದು ಅಕ್ಷರನೂ ಬರೆಯಲ್ಲ. ಆ ಹುಡುಗಿಗೆ ಒಂದು ಮಾತು ಹೇಳ್ಬುಡಿ."

ವಿನುತಾಳ ಕಾಮೆಂಟು ತೆರೆದು ಈ ಸಲ ಕೊನೆಯವರೆಗೂ ಓದಿದೆ. "ನಿಮ್ಮ ಬರಹ ನೋಡಿ ಮನೆ ಪಕ್ಕದ ನಾಲ್ಕು ಮರಕ್ಕೆ ಮೊನ್ನೆ ಔಷಧಿ ಕುಡಿಸಿದ್ವಿ. ನಾವು ತೋಟಕ್ಕೆ ಹೊಸಬ್ರು, ನೀವೇ ನಮಗೆ ಗುರು. ಭಾನುವಾರ ಮಗಳ ಮೊದಲ ಹುಟ್ಟುಹಬ್ಬ. ಬಂದೋರಿಗೆಲ್ಲ ಅದೇ ಮರದ ಎಳನೀರು ಕೊಡ್ತೀವಿ." ಅದರ ಕೆಳಗೆ ನಾನು ಹಾಕಿದ್ದ ಕೈಮುಗಿದ ಚಿತ್ರ. ಅವತ್ತೇ ಭಾನುವಾರ.

ವಿನುತಾಳ ಫೋನ್ ನಂಬರು ನನ್ನ ಹತ್ತಿರ ಇರಲಿಲ್ಲ. ಕಾಮೆಂಟಿನ ಜೊತೆಗಿದ್ದ ವಿಳಾಸಕ್ಕೆ ಇಮೇಲ್ ಕಳಿಸಿದೆ. ಮಗಳ ಹುಟ್ಟುಹಬ್ಬದ ದಿನ ಇಮೇಲ್ ಯಾರು ನೋಡುತ್ತಾರೆ? ಬೇರೆ ದಾರಿ ಕಾಣದೆ ಗಿಡುಗನ ನಂಬರಿಗೆ ಫೋನ್ ಮಾಡಿದೆ.

"ಈಗ ಎದ್ರಾ ಅಮ್ಮಾವ್ರು?" ಅಂದ. ಮರುಕ್ಷಣವೇ, "ಅದು ಹೋಗ್ಲಿ. ಆ ಹುಡುಗಿ ಯಾವೂರು?" ಎಂದು ಕೇಳಿದ.

"ಗೊತ್ತಿಲ್ಲ ಕಣ್ರೀ" ಅಂದೆ. ನನಗೆ ಅಳು ಬಂದಿತ್ತು.

"ಅಳೋದು ಆಮೇಲೆ. ಅವಳು ಹಿಂದೆ ಏನಾದ್ರೂ ಬರೆದಿದ್ರೆ ಹುಡುಕಿ. ಎಲ್ಲಾದ್ರೂ ಊರು ಹೇಳಿರ್ತಾಳೆ."

ಹುಡುಕಿದೆ. ಡ್ರಿಪ್ ಪೈಪಿನ ಬಗ್ಗೆ ಬರೆದಿದ್ದ ಹಳೆಯ ಬರಹದ ಕೆಳಗೆ ಸಿಕ್ಕಿತು. "ನಮ್ಮೂರು ಸಂಪಿಗೆ, ದೇವಸ್ಥಾನ ದಾಟಿ ಮುಂದೆ ಬಂದ್ರೆ ನೀಲಿ ಟ್ಯಾಂಕ್ ಇರೋ ತೋಟ." ಓದಿ ಹೇಳಿದೆ.

"ಸರಿ. ಹೊಸಬ್ರು ತಾವೇ ಮರ ಹತ್ತಲ್ಲ, ಯಾರನ್ನಾದ್ರೂ ಕರೆಸಿರ್ತಾರೆ. ಆ ಕಡೆ ಮರ ಹತ್ತೋರೆಲ್ಲ ನಂಗೆ ಗೊತ್ತು, ನಾನು ಹಿಡೀತೀನಿ. ನೀವು ಹೊರಡ್ರಿ" ಅಂದ.

ಯಜಮಾನರು ಒಂದೂ ಪ್ರಶ್ನೆ ಕೇಳದೆ ಬೈಕ್ ತೆಗೆದರು. ನಾನು ಮನೆಯ ಸೀರೆಯಲ್ಲೇ ಹಿಂದೆ ಕೂತೆ. ದಾರಿಯಲ್ಲಿ ಫೋನ್ ಬಂತು. "ಶಿವಣ್ಣ ಅನ್ನೋನು ಹೋಗೌನೆ. ಅವನ ಹೆಂಡ್ತಿ ಹೇಳಿದ್ಲು. ಫೋನ್ ಎತ್ತುತಿಲ್ಲ. ಅವನು ಮರದ ಮೇಲಿರ್ತಾನೆ, ಅಂಗಿ ಜೇಬಲ್ಲಿ ಫೋನು ಕೆಳಗಿರ್ತದೆ. ನಾನು ಮಾಡ್ತಾನೇ ಇರ್ತೀನಿ, ನೀವು ಬೇಗ ಹೋಗ್ರಿ." ರಸ್ತೆಯ ಎರಡೂ ಕಡೆ ತೆಂಗು. ದಿನಾ ನೋಡುವ ಮರಗಳೇ, ಅವತ್ತು ತಲೆ ಎತ್ತಿ ನೋಡಲು ಭಯವಾಗುತ್ತಿತ್ತು. ಒಂದು ವರ್ಷದ ಮಗು, ಅದರ ಬಾಯಿಗೆ ಯಾರೋ ಚಮಚದಲ್ಲಿ ಎಳನೀರು ಬಿಡುತ್ತಿರುವುದೇ ಕಣ್ಣೆದುರು ಬರುತ್ತಿತ್ತು. ಯಾವ ದೇವರಿಗೆ ಏನು ಹರಕೆ ಹೊತ್ತೆನೋ ಈಗ ನೆನಪಿಲ್ಲ.

ನೀಲಿ ಟ್ಯಾಂಕ್ ಕಂಡಾಗ ಹತ್ತೂವರೆ ದಾಟಿತ್ತು. ಶಾಮಿಯಾನ, ಬಲೂನು, ಹತ್ತಿಪ್ಪತ್ತು ಜನ. ಮರದ ಕೆಳಗೆ ಎಳನೀರಿನ ರಾಶಿ. ಆ ರಾಶಿಯ ಮೇಲೆ ಬನಿಯನ್ ತೊಟ್ಟ ಗಟ್ಟಿ ಆಳೊಬ್ಬ ತೊಡೆಯ ಮೇಲೆ ಮಚ್ಚಿಟ್ಟುಕೊಂಡು ಕೂತಿದ್ದಾನೆ. ಅವನ ಮುಂದೆ ಮನೆಯ ಯಜಮಾನ, ವಿನುತಾಳ ಗಂಡ ಇರಬೇಕು, ಕೂಗಾಡುತ್ತಿದ್ದಾನೆ.

"ನಮ್ಮ ಮರದ ಕಾಯಿ ಕಣಪ್ಪ! ಮುಟ್ಟಬೇಡ ಅನ್ನೋಕೆ ನೀನ್ಯಾರು?"

"ರಂಗಣ್ಣ ಹೇಳೌನೆ" ಅಂದ ಶಿವಣ್ಣ. "ಕೆಳಗಿಳಿದು ನೋಡಿದ್ರೆ ಹನ್ನೊಂದು ಸಲ ಫೋನ್ ಮಾಡೌನೆ. ಅವನು ಬ್ಯಾಡ ಅಂದ್ಮೇಲೆ ಬ್ಯಾಡ. ಯಾರೋ ಅಮ್ಮಾವ್ರು ಬತ್ತಾರಂತೆ, ಅವ್ರುನ್ನೇ ಕೇಳ್ರಿ."

ಗಿಡುಗನ ಹೆಸರು ರಂಗಣ್ಣ ಎಂದು ನನಗೆ ಗೊತ್ತಾದದ್ದು ಹಾಗೆ. ಪಕ್ಕದ ಕುರ್ಚಿಯ ಮೇಲೆ ಕೆತ್ತಿದ ಎಳನೀರು ಒಂದಿತ್ತು. ಅದಕ್ಕೆ ಆಗಲೇ ಸ್ಟ್ರಾ ಹಾಕಿದ್ದರು. "ಯಾರಾದ್ರೂ ಕುಡಿದ್ರಾ?" ಎಂದು ಕೇಳಿದೆ. "ಅದೊಂದೇ ಕೆತ್ತಿದ್ದೆ, ಆಗ್ಲೇ ಫೋನ್ ನೋಡಿದ್ದು. ಯಾರೂ ಮುಟ್ಟಿಲ್ಲ" ಅಂದ ಶಿವಣ್ಣ. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ವಿನುತಾ ಮಗುವನ್ನು ಎತ್ತಿಕೊಂಡು ಬಂದಳು. ಇಪ್ಪತ್ತೇಳೋ ಎಂಟೋ ವಯಸ್ಸಿನ ಹುಡುಗಿ. ನಾನು ಯಾರೆಂದು ಹೇಳಿದಾಗ ಮುಖ ಅರಳಿತು. ಯಾಕೆ ಬಂದೆ ಎಂದು ಹೇಳುತ್ತಾ ಹೋದ ಹಾಗೆ ಅದು ಬಾಡಿತು. ಎಲ್ಲ ಕೇಳಿ, ಮಗುವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡು, ಮೆಲ್ಲಗೆ, "ಅಕ್ಕಾ, ನೀವು ಕೈ ಮುಗಿದಿದ್ರಲ್ಲಾ" ಅಂದಳು.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. "ನಾನು ಪೂರ್ತಿ ಓದಿರ್ಲಿಲ್ಲ ಕಣಮ್ಮ. ಹೊಗಳಿದ್ದಷ್ಟೇ ಓದಿದೆ" ಅಂದೆ. ಅಷ್ಟು ಜನರ ಮುಂದೆ ಅದನ್ನು ಹೇಳಿದಾಗ ಆದ ನಾಚಿಕೆ ನನಗೆ ಬೇರೆ ಯಾವತ್ತೂ ಆಗಿಲ್ಲ.

ಗಂಡಸರು ಸೇರಿ ಗುಂಡಿ ತೋಡಿ ಆ ಎಳನೀರನ್ನೆಲ್ಲ ಹೂತರು. ನಮ್ಮ ಯಜಮಾನರು ಸುಣ್ಣ ಕಲಸಿಸಿ ನಾಲ್ಕೂ ಮರಕ್ಕೆ ದಪ್ಪ ಪಟ್ಟೆ ಬಳಿದರು. ಬಂದವರಿಗೆ ನೀರುಮಜ್ಜಿಗೆ ಕೊಟ್ಟರು. ನಮ್ಮನ್ನು ಊಟ ಮಾಡಿಸಿಯೇ ಕಳಿಸಿದರು. ಹೊರಡುವಾಗ ವಿನುತಾ ಮಗುವನ್ನು ನನ್ನ ಕೈಗೆ ಕೊಟ್ಟಳು. ಅದು ನನ್ನ ಕನ್ನಡಕ ಕಿತ್ತು ಬಾಯಿಗಿಟ್ಟುಕೊಂಡಿತು.

ಮರುವಾರ ಹಂದನಕೆರೆಗೆ ಹೋದೆವು. ರಂಗಣ್ಣ ಮನೆಯ ಜಗಲಿಯ ಮೇಲೆ ಕೂತಿದ್ದ, ಪಕ್ಕದಲ್ಲಿ ಊರುಗೋಲು. ಮೂವತ್ತು ವರ್ಷ ತೆಂಗಿನ ಮರ ಹತ್ತಿದವನು. ನಾಲ್ಕು ವರ್ಷದ ಹಿಂದೆ ಮರದಿಂದ ಬಿದ್ದು ಸೊಂಟ ಮುರಿದುಕೊಂಡಿದ್ದಾನೆ. ಈಗ ಫೋನೇ ಅವನ ತೋಟ. ಬಾಯಲ್ಲಿ ಹೇಳಿದರೆ ಅದೇ ಬರೆದುಕೊಳ್ಳುತ್ತದೆ. 'ಯಾವತ್ತಾದ್ರೂ ಮರ ಹತ್ತಿದ್ದೀರಾ' ಎಂದು ಕೇಳಿದವನ ಪಕ್ಕ, ಜಗಲಿಯ ಮೇಲೆಯೇ ಕೂತೆ.

"ಅಷ್ಟೊಂದು ಬೈತಿದ್ರಲ್ಲ, ಯಾಕೆ ರಂಗಣ್ಣ?" ಕೊನೆಗೂ ಕೇಳಿದೆ.

"ಮೂವತ್ತು ವರ್ಷ ಮರದ ಮೇಲಿಂದ ಮಾತಾಡಿದೋನು ಕಣಮ್ಮ ನಾನು. ಮೇಲಿಂದ ಮೆತ್ತಗೆ ಹೇಳಿದ್ರೆ ಕೆಳಗಿರೋರಿಗೆ ಕೇಳಲ್ಲ. 'ಏಯ್ ಸರಿಯಲಾ ಅತ್ಲಾಗೆ' ಅಂತ ಅರಚಿದ್ರೇನೇ ತಲೆ ಉಳಿಯೋದು. ಆ ಅಭ್ಯಾಸ ಹೋಗಿಲ್ಲ" ಅಂದ. ಊರುಗೋಲು ಆಚೆ ಸರಿಸಿ, "ನೀವು ಬರೆಯೋದು ಚೆನ್ನಾಗೈತೆ. ಇಲ್ದಿದ್ರೆ ಓದೋಕೆ ನಂಗೇನು ಹುಚ್ಚಾ?" ಎಂದೂ ಸೇರಿಸಿದ.

ಅವನ ಹೆಂಡತಿ ಒಳಗಿನಿಂದ ಕಾಫಿ ತಂದವಳು, "ಆ ಶನಿವಾರ ಊಟನೇ ಮಾಡ್ಲಿಲ್ಲ ಕಣ್ರಮ್ಮ ಇವ್ರು. ಮಗು ಮಗು ಅಂತ ಫೋನ್ ಒತ್ತುತ್ತಾನೇ ಇದ್ರು" ಅಂದಳು. ರಂಗಣ್ಣ ಅವಳನ್ನು ಗದರಿಸಿ ಒಳಗೆ ಕಳಿಸಿದ.

ಈಗಲೂ ನನ್ನ ಬ್ಲಾಗಿನ ಬಾಗಿಲಿಗೆ ಕಾವಲಿದೆ. ಸಾಲದವರಿಗೂ ವಶೀಕರಣದವರಿಗೂ ಒಳಗೆ ಜಾಗವಿಲ್ಲ. ಓದುಗರು ಒಬ್ಬರನ್ನೊಬ್ಬರು ಕೆಟ್ಟದಾಗಿ ಬೈದುಕೊಂಡರೆ ಅದನ್ನೂ ಬಿಡುವುದಿಲ್ಲ. ಆದರೆ ಹೊಗಳಿಕೆಯಾಗಲಿ, ಬೈಗುಳವಾಗಲಿ, ಕೊನೆಯ ಅಕ್ಷರದವರೆಗೂ ಓದದೆ ಬೆರಳು ಒತ್ತುವುದಿಲ್ಲ. ತೋಟದ ಬಗ್ಗೆ ಏನೇ ಬರೆದರೂ ಮೊದಲು ಹಂದನಕೆರೆಗೆ ಹೋಗುತ್ತದೆ. ಅಲ್ಲಿಂದ ಬೈಸಿಕೊಂಡು ಬಂದ ಮೇಲೆಯೇ ಬ್ಲಾಗಿಗೆ.

ಆ ಏಳರಲ್ಲಿ ಆರು ಕಾಮೆಂಟುಗಳನ್ನು ಬುಟ್ಟಿಯಿಂದ ತೆಗೆದು, ಫೋನ್ ನಂಬರು ಅಳಿಸಿ, ಬರಹದ ಕೆಳಗೆ ಹಾಗೆಯೇ ಹಾಕಿದ್ದೇನೆ, 'ಬುದ್ಧಿ ಐತೇನ್ರಮ್ಮ' ಎಂಬುದೂ ಸೇರಿ. ಏಳನೆಯದನ್ನು ಮಾತ್ರ ಹಾಕಿಲ್ಲ. ತಪ್ಪಾಯ್ತು ಅನ್ನಬೇಕಾದವಳು ನಾನು, ಅವನಲ್ಲ. ಅಳಿಸಿಹಾಕಲೂ ಮನಸ್ಸು ಬರದೆ, ಬುಟ್ಟಿಯಿಂದ ತೆಗೆದು ಒಪ್ಪಿಗೆಯ ಸಾಲಿನಲ್ಲೇ ಇಟ್ಟಿದ್ದೇನೆ. ಹಾಗಾಗಿ ಬೆಳಿಗ್ಗೆ ಬ್ಲಾಗು ತೆರೆದಾಗೆಲ್ಲ 'ಒಂದು ಕಾಮೆಂಟು ನಿಮ್ಮ ಒಪ್ಪಿಗೆಗೆ ಕಾಯುತ್ತಿದೆ' ಎಂದು ಅದು ತೋರಿಸುತ್ತದೆ. ಒಂದು ಸಲ ಅದನ್ನು ಓದಿ, ಆಮೇಲೆ ಉಳಿದವರು ಏನು ಬರೆದಿದ್ದಾರೆ ಎಂದು ನೋಡಲು ಕೂರುತ್ತೇನೆ.