ಬಲಗಡೆಯ ಗಿಟಾರ್

ಅಣ್ಣನ ಬಲಗೈಯ ಅಂಚಿನಲ್ಲಿ, ಕಿರುಬೆರಳಿನಿಂದ ಮಣಿಕಟ್ಟಿನವರೆಗೆ, ಯಾವಾಗಲೂ ಒಂದು ಕಂದು ಗೆರೆ ಇರುತ್ತಿತ್ತು. ಅದು ತುಕ್ಕು. ತಂತಿಗಳ ಮೇಲೆ ಅಂಗೈಯ ಅಂಚನ್ನು ಊರಿ ಗಿಟಾರ್ ನುಡಿಸುವುದು ಅವನ ರೀತಿ. ಕಾಪುವಿನ ಉಪ್ಪುಗಾಳಿಗೆ ಯಾವ ತಂತಿಯೂ ಹೆಚ್ಚು ದಿನ ಹೊಳೆಯುವುದಿಲ್ಲ. ಆ ಭಾನುವಾರ ಬೆಳಿಗ್ಗೆಯೂ ಅವನು ತಂತಿಗಳನ್ನು ಬಿಚ್ಚಿ ಪಾತ್ರೆಯಲ್ಲಿ ಕುದಿಸುತ್ತಿದ್ದ. ಕುದಿಸಿದರೆ ಹಳೆಯ ತಂತಿಗೆ ಸ್ವಲ್ಪ ಕಾಲ ದನಿ ಮರಳುತ್ತದೆ.

"ಇವತ್ತು ಎಂತ, ತಂತಿಯ ಸಾರಾ?" ಎಂದರು ಅಮ್ಮ.

"ಉಪ್ಪು ಹಾಕ್ಬೇಡಿ ಅಮ್ಮ, ಅದರಲ್ಲೇ ಉಂಟು."

ಎಂಬತ್ತರ ದಶಕದ ನಡುವಿನ ಮಾತು. ಅಣ್ಣ ಉಡುಪಿಯಲ್ಲಿ ರೇಡಿಯೋ, ಟೇಪ್ ರೆಕಾರ್ಡರ್ ರಿಪೇರಿ ಮಾಡುತ್ತಿದ್ದ. ರಿಪೇರಿಯಾದ ಪ್ರತಿ ಟೇಪ್ ರೆಕಾರ್ಡರಿನಲ್ಲೂ ತನ್ನ ಗಿಟಾರಿನ ಒಂದು ಕ್ಯಾಸೆಟ್ ಹಾಕಿ ಪರೀಕ್ಷಿಸುತ್ತಿದ್ದ. ಒಮ್ಮೆ ಕ್ಯಾಸೆಟ್ ಒಳಗೇ ಉಳಿದುಹೋಗಿ, ಯಕ್ಷಗಾನ ಕೇಳಲೆಂದು ಒಯ್ದವರು "ಇದು ಸರಿ ಆಗ್ಲೇ ಇಲ್ಲ ಮಾರಾಯ, ಮೊದಲಿಗಿಂತ ಹಾಳಾಗಿದೆ" ಎಂದು ಮರಳಿ ತಂದಿದ್ದರು. ಅಣ್ಣ ಅದನ್ನು ಹೊಗಳಿಕೆ ಎಂದೇ ಎಲ್ಲರಿಗೂ ಹೇಳಿಕೊಂಡು ತಿರುಗಿದ.

ಅಂಥ ಅಬ್ಬರದ ಹಾಡು ನಮ್ಮ ಕಡೆ ಯಾರಿಗೂ ಬೇಕಿರಲಿಲ್ಲ. ಆದರೂ ತಮ್ಮದೇ ಹಾಡುಗಳ ಒಂದು ಕ್ಯಾಸೆಟ್ ಮಾಡಲೇಬೇಕೆಂದು ಅವನೂ ಕಾರ್ಕಳದ ಅವನ ಗೆಳೆಯನೂ ಹಟ ಹಿಡಿದಿದ್ದರು. ಗೆಳೆಯ ಹಾಡುತ್ತಿದ್ದ, ಡ್ರಮ್ ಬಾರಿಸುತ್ತಿದ್ದ. ಕೊಲ್ಲಿ ದೇಶದಲ್ಲಿದ್ದ ಮಾವ ಒಂದು ರೆಕಾರ್ಡಿಂಗ್ ಯಂತ್ರ ತಂದುಕೊಟ್ಟಿದ್ದರು. ಅದರಲ್ಲಿ ಡ್ರಮ್, ಹಾಡು, ಗಿಟಾರ್‌ಗಳನ್ನು ಬೇರೆ ಬೇರೆಯಾಗಿ ಹಿಡಿದು ಆಮೇಲೆ ಹದವಾಗಿ ಬೆರೆಸಬಹುದಿತ್ತು. ಅಣ್ಣನ ಎರಡೂ ಕೈ ಗಿಟಾರಿನ ಮೇಲೆ ಇರುತ್ತಿದ್ದುದರಿಂದ ಯಂತ್ರದ ತಿರುಗಿಸುವ ಗುಬುಟುಗಳು ನನ್ನ ಪಾಲಿಗೆ ಬಂದವು.

ಆ ಮಧ್ಯಾಹ್ನ, ತೆಂಗಿನಕಾಯಿ ರಾಶಿ ಹಾಕುವ ಕೋಣೆಯಲ್ಲಿ, ಕೊನೆಯ ಹಾಡಿಗೆ ಗಿಟಾರ್ ಹಿಡಿದೆವು. ಕೇಳಿದ ಗೆಳೆಯನಿಗೆ ಸಮಾಧಾನವಾಗಲಿಲ್ಲ. ಕಂಪ್ರೆಸರ್ ಎಂಬ ಪೆಟ್ಟಿಗೆಯೊಂದಿತ್ತು. ಅದು ದೊಡ್ಡ ಸದ್ದನ್ನು ಅದುಮಿ ಸಣ್ಣ ಸದ್ದನ್ನು ಮೇಲೆತ್ತುತ್ತದೆ.

"ಇನ್ನೂ ಒತ್ತು ಮಾರಾಯ್ತಿ, ಗೋಡೆ ಹಾಗೆ ನಿಲ್ಬೇಕು," ಎಂದ ಗೆಳೆಯ. ಅದರ ಗುಬುಟನ್ನು ಕೊನೆಯವರೆಗೆ ತಿರುಗಿಸಿದೆ. ಗೋಡೆಯಂತೆಯೇ ನಿಂತಿತು. ಆದರೆ ಗಿಟಾರ್ ಕ್ಷಣಕಾಲ ತಡೆಯುವ ಜಾಗದಲ್ಲಿ, ಅಷ್ಟೇ ಅಬ್ಬರದಿಂದ, ಟೇಪಿನೊಳಗಿನಿಂದ, ಅಂಗಳದಲ್ಲಿ ಮೀನು ಒಣಗಿಸುತ್ತಿದ್ದ ನೆರೆಮನೆಯ ದೊಡ್ಡಮ್ಮನ ದನಿ ಕಾಗೆ ಓಡಿಸಿತು: "ಪೋ ಕಕ್ಕೆ, ಪೋ!"

ಅಣ್ಣ ನಕ್ಕು ನಕ್ಕು ಕಾಯಿರಾಶಿಯ ಮೇಲೆ ಕುಳಿತುಬಿಟ್ಟ. ಆಮೇಲೆ ಹೇಳಿದ: "ಕಾಲಲ್ಲಿ ಒತ್ತುವ ಪೆಡಲಿನಲ್ಲಿ ಗಿಟಾರಿನ ಸ್ವರ ಒಡೆದು ಒರಟಾಗುವಾಗಲೇ ಅದು ಒತ್ತಿ ಆಗಿರ್ತದೆ. ಒತ್ತಿದ್ದನ್ನೇ ಮತ್ತೆ ಎಷ್ಟು ಒತ್ತುದು? ಪೆಟ್ಟು ಸಾಯ್ತದೆ, ಸದ್ದು ಮಾತ್ರ ಉಳೀತದೆ. ಕೈ ಊರಿ ಹೊಡೆದಾಗ ಗುಮ್ ಅಂತ ಏಳ್ತದಲ್ಲ, ಅದನ್ನಷ್ಟೇ ಹಿಡಿ. ಮೀಟರಿನ ಮುಳ್ಳು ಸ್ವಲ್ಪ ತಲೆ ಆಡಿಸಿದ್ರೆ ಸಾಕು."

"ಮತ್ತೆ ದೊಡ್ಡದಾಗುದು ಹೇಗೆ?" ಗೆಳೆಯ ಕೇಳಿದ.

"ಎರಡು ಸಲ ನುಡಿಸಿದ್ರೆ. ಈಗ ಹಿಡಿದದ್ದು ಎಡದ ಸ್ಪೀಕರಿಗೆ, ಇನ್ನೊಂದು ಬಲದ್ದಕ್ಕೆ."

ಬಲದ್ದಕ್ಕೆ ಕೈಯೆತ್ತಿದ್ದೇ ತಡ, ಕುದಿಸಿದ ದಪ್ಪ ತಂತಿ ತುಂಡಾಯಿತು. "ನಾಳೆ ಹೊಸತು ತರ್ತೇನೆ," ಎಂದ. ಮರುದಿನ ಬೆಳಿಗ್ಗೆ ಉಡುಪಿಗೆ ಹೊರಟವನ ಸ್ಕೂಟರಿಗೆ ದಾರಿಯಲ್ಲಿ ಲಾರಿ ಬಡಿಯಿತು. ಅವನು ಮನೆಗೆ ಬರಲಿಲ್ಲ.

ಮಳೆಗಾಲ ಕಳೆದ ಮೇಲೆ ಗೆಳೆಯನನ್ನು ನಾನೇ ಕರೆಸಿದೆ. ಕ್ಯಾಸೆಟ್ ಮುಗಿಸಬೇಕು ಎಂದೆ.

"ಮಣಿಪಾಲದಲ್ಲಿ ಒಬ್ಬ ಇದ್ದಾನೆ. ಬಲದ್ದು ನುಡಿಸ್ತಾನೆ," ಎಂದ.

"ಬೇಡ."

ಒಂದೇ ಗಿಟಾರಿಗೆ ಹಾಡು ತೆಳ್ಳಗೆ ಕೇಳಿಸುತ್ತಿತ್ತು. ತುಂಬಿಕೊಳ್ಳಬಹುದೇ ಎಂದು ಕಂಪ್ರೆಸರನ್ನು ಪೂರ್ತಿ ಒತ್ತಿದೆ. ಗಿಟಾರ್ ತಡೆಯುವ ಜಾಗ ಬಂತು. ದೊಡ್ಡಮ್ಮನ ದನಿಯ ಹಿಂದೆಯೇ ಇನ್ನೊಂದು ಸದ್ದು. ಮುಂದಿನ ಪೆಟ್ಟು ಹೊಡೆಯುವ ಮೊದಲು ಅಣ್ಣ ಉಸಿರು ಎಳೆದುಕೊಂಡಿದ್ದ. ಆ ಭಾನುವಾರ ನಗುವಿನಲ್ಲಿ ನಾವದನ್ನು ಗಮನಿಸಿರಲಿಲ್ಲ.

ಗೆಳೆಯ ಮುಖ ಆಚೆ ತಿರುಗಿಸಿದ. "ಹೀಗೇ ಇರ್ಲಿ. ಅವ ಇದ್ದಾನೆ ಇದರಲ್ಲಿ."

ನಾನು ಮತ್ತೆ ಮತ್ತೆ ಕೇಳಿದೆ. ಉಸಿರು ಇತ್ತು, ಪಕ್ಕದಲ್ಲೇ ಕುಳಿತಂತೆ. ಆದರೆ ಪೆಟ್ಟು ಸತ್ತಿತ್ತು. ತುಕ್ಕು ಹಿಡಿದ ಆ ಕೈ ಊರಿ ಎಬ್ಬಿಸಿದ್ದೆಲ್ಲ ಚಪ್ಪಟೆಯಾಗಿತ್ತು. ಗುಬುಟನ್ನು ಹಿಂದಕ್ಕೆ ತಿರುಗಿಸಿದೆ, ಮುಳ್ಳು ತಲೆ ಆಡಿಸುವಷ್ಟಕ್ಕೆ. ಉಸಿರು ಕೆಳಗೆ ಇಳಿದು ಹೋಯಿತು.

"ಎಂತ ಮಾಡಿದ್ದು ನೀನು?"

"ಅವ ನುಡಿಸಿದ್ದು ಕೇಳ್ಬೇಕು," ಎಂದೆ.

ಹಾಗೆಯೇ ಕ್ಯಾಸೆಟ್ ಮುಗಿಸಿದೆವು. ಕೊನೆಯ ಹಾಡಿನಲ್ಲಿ ಎಡಗಡೆ ಗಿಟಾರ್ ಇದೆ, ನಡುವೆ ಡ್ರಮ್ಮೂ ಹಾಡೂ ಇವೆ. ಬಲಗಡೆ ಏನೂ ಇಲ್ಲ.