ಬಿದ್ದದ್ದೋ, ಇಳಿದದ್ದೋ

ಯಲ್ದೂರಿನ ಆಚೆ, ಮಾವಿನ ತೋಪುಗಳ ನಡುವೆ ಬಂಡೆಯ ಕಡೆಗೆ ನೆಟ್ಟಗೆ ಏರುವ ಓಣಿಯೊಂದಿದೆ. ತುದಿಯಲ್ಲಿ ಊರಿನ ನೀರಿನ ಟ್ಯಾಂಕು. ಇಪ್ಪತ್ತನಾಲ್ಕು ವರ್ಷದಿಂದ ದಿನಾ ಬೆಳಿಗ್ಗೆ ಆರಕ್ಕೆ ನೀರುಗಂಟಿ ಮುನಿಶಾಮಿ ಸೈಕಲ್ಲಿನಲ್ಲಿ ಆ ಓಣಿ ಹತ್ತಿ, ಕಬ್ಬಿಣದ ಕೀಲಿಯಿಂದ ವಾಲು ತಿರುಗಿಸಿದರೆ ಊರಿಗೆ ನೀರು. ಓದು ಅವನಿಗೆ ಹತ್ತಲಿಲ್ಲ, ಬೇಸಾಯ ಕೈಹಿಡಿಯಲಿಲ್ಲ. ಆದರೆ ಊರಲ್ಲಿ ಮದುವೆಯೆಂದರೆ ಮೊದಲ ಪತ್ರಿಕೆ ದೇವರಿಗೆ, ಎರಡನೆಯದು ಮುನಿಶಾಮಿಗೆ. ಚಪ್ಪರದ ದಿನ ನಲ್ಲಿ ಕೈಕೊಟ್ಟರೆ ದೇವರು ಬಂದು ವಾಲು ತಿರುಗಿಸುತ್ತಾನೆಯೇ?

ಆ ಮರ್ಯಾದೆ ತಲೆಗೇರಿದ ಒಂದು ದಿನ ಅವನು ಟೀ ಅಂಗಡಿಯಲ್ಲಿ ಬಾಯಿಬಿಟ್ಟಿದ್ದ: "ಈ ಏರಲ್ಲಿ ನಾನು ಸೈಕಲ್ ಇಳಿದ ದಿನ ಕೀಲಿ ನಿಮ್ದು ಕಣ್ರೋ!"

ಆಗ ಮಂಡಿಗಳು ಅವನ ಮಾತು ಕೇಳುತ್ತಿದ್ದವು. ಈಗ ಅವು ಸ್ವತಂತ್ರ. ಪಂಚಾಯ್ತಿ ಮೆಂಬರು ಚನ್ನರಾಯಪ್ಪನ ನೆನಪು ಮಾತ್ರ ಗಟ್ಟಿ. ಅವನ ಬಾಮೈದ ವೇಣುಗೋಪಾಲನಿಗೆ ಬೈಕಿದೆ, ಕೆಲಸವಿಲ್ಲ. ಒಂದು ತಿಂಗಳಿಂದ ಬಾವ ಬಾಮೈದ ಇಬ್ಬರೂ ಆರು ಗಂಟೆಗೆ ಸರಿಯಾಗಿ ಓಣಿಯ ಬುಡದ ಟೀ ಅಂಗಡಿಯಲ್ಲಿ ಹಾಜರು.

"ನಡ್ಕೊಂಡೇ ಹೋಗಿ, ಯಾರೇನ್ ಅಂತಾರೆ?" ಎನ್ನುತ್ತಿದ್ದಳು ಹೆಂಡತಿ ಆಂಜಿನಮ್ಮ. ಯಾರು ಏನಂತಾರೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಕೀಲಿ ಹೋದರೆ ತಾನು ಬರೀ ಮುನಿಶಾಮಿ. ಬರೀ ಮುನಿಶಾಮಿ ಹೇಗಿರುತ್ತಾನೆಂದು ಅವನಿಗೇ ಮರೆತುಹೋಗಿತ್ತು.

ಆ ಶುಕ್ರವಾರ ಅರ್ಧ ಏರಿನಲ್ಲಿ ಪೆಡಲು ನಿಂತಿತು. ಒಂದು ಕಾಲು ಕೆಳಗಿಟ್ಟಿದ್ದರೆ ಸಾಕಿತ್ತು. ಇಡಲಿಲ್ಲ. ಫೋಟೋಗೆ ಕೂತವನ ಹಾಗೆ ಸೀಟಿನ ಮೇಲೆ ನೆಟ್ಟಗೆ ಕೂತೇ, ಸೈಕಲ್ಲಿನ ಸಮೇತ ಪಕ್ಕಕ್ಕೆ ಉರುಳಿದ.

ಟೀ ಅಂಗಡಿಗೆ ಅಂಗಡಿಯೇ ಎದ್ದು ಬಂತು.

"ದಿಗಿನಾಡು, ದಿಗಿನಾಡು! ಇಳಿದ್ಬಿಟ್ಟ!" ಎಂದ ಚನ್ನರಾಯಪ್ಪ, ತೆಲುಗು ಕನ್ನಡ ಎರಡರಲ್ಲೂ.

"ಇಳೀಲಿಲ್ಲ ಕಣಯ್ಯ, ಬಿದ್ದ," ಎಂದ ಅಂಗಡಿಯ ಸುಬ್ಬರಾಯಪ್ಪ.

"ಕಾಲು ನೆಲಕ್ಕೆ ತಾಕ್ತೋ ಇಲ್ವೋ?"

"ಕಾಲೆಲ್ಲಿ? ತಾಕಿದ್ದು ಮಂಡಿ!"

"ಮಂಡಿ ಏನ್ ಕೈಗೆ ಸೇರಿದ್ದಾ?"

"ಬಿದ್ದೆ ಕಣಣ್ಣ, ಇಳೀಲಿಲ್ಲ," ಎಂದು ಮುನಿಶಾಮಿ ನೆಲದಿಂದಲೇ ಸಾಕ್ಷಿ ಹೇಳಿದ. ವಾದದ ಬಿಸಿಯಲ್ಲಿ ಅವನನ್ನು ಎತ್ತುವುದು ಯಾರಿಗೂ ಹೊಳೆಯಲಿಲ್ಲ. ವೇಣುಗೋಪಾಲ ಮಾತ್ರ ಬಗ್ಗಿದ. ಕೀಲಿ ಎತ್ತಿಕೊಂಡು, ಬೈಕು ಹತ್ತಿ ಮೇಲಕ್ಕೆ ಹೋದ.

ಐದು ನಿಮಿಷಕ್ಕೆ ಊರಿನ ನಲ್ಲಿಗಳು ಬುಸುಗುಟ್ಟಿದವು. ಒಂದು ಹನಿಯೂ ಕಡಿಮೆಯಿಲ್ಲದ ನೀರು. ವಾದ ಅರ್ಧಕ್ಕೇ ನಿಂತು ಎಲ್ಲರೂ ಮನೆಗೆ ಓಡಿದರು.

ಸುದ್ದಿ ಕೇಳಿ ಏದುಸಿರು ಬಿಡುತ್ತ ಬಂದ ಆಂಜಿನಮ್ಮ ಗಂಡನ ಮಂಡಿ ನೋಡಿದಳು, ಕೆಳಗೆ ಬೀದಿ ನಲ್ಲಿಯ ಮುಂದೆ ಬೆಳೆಯುತ್ತಿದ್ದ ಸಾಲು ನೋಡಿದಳು.

"ಒಂದ್ಗಳಿಗೆ ಹಂಗೇ ಇರಿ. ಎರಡು ಬಿಂದಿಗೆ ಹಿಡಿದಿಟ್ಟು ಬಂದ್ಬಿಡ್ತೀನಿ. ಆವಯ್ಯ ಎಷ್ಟೊತ್ತು ಬಿಡ್ತಾನೋ ಏನೋ!"

"ಹೋಗು, ಬೇಗ ಹೋಗು," ಎಂದ ಮುನಿಶಾಮಿ. "ಮೊದಲ್ನೇ ಬಿಂದಿಗೇಲಿ ಮಣ್ಣು ಬರ್ತದೆ, ಚೆಲ್ಬಿಡು."