ಕನಕಮ್ಮನ ಭಾನುವಾರ

ನಮ್ಮ ಗುಡೇಕೋಟೆಯ ಹೆಂಗಸರಿಗೆ ಮುಯ್ಯಾಳು ಅಂದರೆ ಬರೀ ಕೆಲಸವಲ್ಲ, ಮರ್ಯಾದೆ. ಇವತ್ತು ನನ್ನ ಹೊಲದಲ್ಲಿ ನೀನು ಶೇಂಗಾ ಕಿತ್ತರೆ, ನಾಳೆ ನಿನ್ನ ಹೊಲದಲ್ಲಿ ನಾನು ಕೀಳಬೇಕು. ಕೂಲಿ ಇಲ್ಲ, ಮಾತಿದೆ. ಆ ಮಾತಿನಲ್ಲಿ ಕನಕಮ್ಮನನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಜ್ವರ ಬಂದಾಗಲೂ ತಲೆಗೆ ಟವೆಲ್ ಸುತ್ತಿಕೊಂಡು ಬಂದು ಸಾಲು ಹಿಡಿಯುವವಳು. ಬಾಯಿ ಮಾತ್ರ ಖಾರ. ಅದೂ ಇಲ್ಲದಿದ್ದರೆ ಊರು ಅವಳನ್ನು ಎಂದೋ ನುಂಗಿ ನೀರು ಕುಡಿದಿರುತ್ತಿತ್ತು.

ಕೊರೊನಾದಲ್ಲಿ ಅವಳ ಗಂಡ ಸಂಜೀವ ಬಳ್ಳಾರಿಯ ಆಸ್ಪತ್ರೆಯಲ್ಲಿ ಸತ್ತ. ಕೊನೆಗೊಮ್ಮೆ ಮುಖ ನೋಡಲಿಕ್ಕೂ ಸಿಗಲಿಲ್ಲ. ಮನಸ್ಸು ನೆಲೆ ನಿಲ್ಲಲೆಂದು ಅವಳು ಹತ್ತದ ಗುಡ್ಡವಿಲ್ಲ, ಕಟ್ಟದ ಹರಕೆಯಿಲ್ಲ. ಹೋದಲ್ಲೆಲ್ಲ ಜನ ಕೇಳಿದ್ದು ಒಂದೇ, ಯಾವ ಜನ್ಮದ ಪಾಪವೋ ಎಂದು. ಕೊನೆಗೆ ಕೂಡ್ಲಿಗಿಯ ನರ್ಸ್ ರೇಖಾ ತಾನು ಹೋಗುವ ಪ್ರಾರ್ಥನೆಯ ಮನೆಗೆ ಕರೆದುಕೊಂಡು ಹೋದಳು. ತಗಡಿನ ಮಾಡು, ನೆಲಕ್ಕೊಂದು ಜಮಖಾನ, ಅಷ್ಟೇ. ಸತ್ತ ಗೆಳೆಯನ ಗೋರಿಯ ಮುಂದೆ ಯೇಸುವೂ ಅತ್ತಿದ್ದ ಎಂದು ಅಲ್ಲೊಬ್ಬ ಮುದುಕಿ ಹೇಳಿದಳಂತೆ.

"ದೇವ್ರ ಅತ್ತಾನ ಅಂದ್ಮ್ಯಾಲೆ ನಾನು ಅತ್ರ ಏನ್ ತಪ್ಪು?" ಎಂದು ಕನಕಮ್ಮ ಅಲ್ಲಿಯೇ ಮನಸಾರೆ ಅತ್ತಳು. ಎದೆಯ ಮೇಲಿನ ಕಲ್ಲು ಇಳಿಯಿತು ಅಂತ ಅವಳೇ ನನಗೆ ಹೇಳಿದ್ದು. ಅಂದಿನಿಂದ ಭಾನುವಾರ ಬಂದರೆ ಅವಳು ಕೂಡ್ಲಿಗಿ ಬಸ್ಸಿನಲ್ಲಿ.

ಊರಿಗೆ ಇದು ಮೊದಲು ತಮಾಷೆ, ಆಮೇಲೆ ತುರಿಕೆ. ಮುಯ್ಯಾಳಿನ ದಿನ ಗೊತ್ತು ಮಾಡುವವನು ಊರ ಹಿರಿಯ ಪಂಚಾಕ್ಷರಪ್ಪ. ಈ ಸಲ ಕನಕಮ್ಮನ ಹೊಲದ ಸರದಿಗೆ ಅವನು ಬೇಕೆಂದೇ ಭಾನುವಾರ ಇಟ್ಟ. ನೆಲವೋ ದಿನದಿಂದ ದಿನಕ್ಕೆ ಗಟ್ಟಿಯಾಗುತ್ತಿತ್ತು. ತಡವಾದರೆ ಬಳ್ಳಿ ಕೈಗೆ ಬಂದು ಕಾಯಿ ಮಣ್ಣಿನಲ್ಲೇ ಉಳಿಯುತ್ತದೆ. ಅವಳ ವರ್ಷದ ಅನ್ನ ಅದು.

ಕನಕಮ್ಮ ಅವನ ಮನೆಯ ಕಟ್ಟೆಯ ಮುಂದೆ ಬಂದು ನಿಂತಳು. ಮುಯ್ಯಾಳಿನವರೆಲ್ಲ ಅಲ್ಲೇ ಇದ್ದೆವು.

"ಭಾನುವಾರ ಆಗಂಗಿಲ್ರಿ. ಬ್ಯಾರೆ ದಿನ ಹೇಳ್ರಿ."

"ಹಂಗಾದ್ರ ನಿನ್ನ ಹೊಲಕ್ಕ ಯಾರೂ ಬರಂಗಿಲ್ಲ. ಪ್ರಾರ್ಥನಿ ಬಿಟ್ಟೆ ಅಂತ ಒಂದು ಮಾತು ಹೇಳು, ನಾಳೇನ ಎಲ್ಲಾರ್ನೂ ಕಳಸ್ತೀನಿ."

ಹೇಳಿಬಿಡೇ ತಾಯಿ ಅಂದುಕೊಂಡೆ. ಕನಕಮ್ಮ ಅವನ ಕೊಟ್ಟಿಗೆಯ ಕಡೆ ಕೈ ತೋರಿಸಿದಳು.

"ಯಜಮಾನ್ರ, ಸೋಮವಾರ ಆ ಎತ್ತಿನ ಕೊಳ್ಳಿಗೆ ನೊಗ ಇಡ್ತೀರೇನ್ರಿ?"

"ಬಸವಣ್ಣನ ದಿನ. ಯಾವನ್ ಇಡ್ತಾನ?"

"ಬಿತ್ತೋ ಹದ ಹೋದ್ರೂ ಇಡಂಗಿಲ್ಲ. ನಿಮ್ಮ ಎತ್ತಿಗಿರೋ ಒಂದು ದಿನ ನನಗಿಲ್ಲೇನ್ರಿ?"

ಪಂಚಾಕ್ಷರಪ್ಪನ ಮುಖ ಕೆಂಪಾಯಿತು. "ಬಾಯಿ ಭಾಳ ಐತಿ ನಿಂದು" ಎನ್ನುತ್ತ ಎದ್ದು ಒಳಗೆ ಹೋದ.

ಶನಿವಾರವೆಲ್ಲ ಕನಕಮ್ಮ ಒಬ್ಬಳೇ ಕಿತ್ತಳು. ಭಾನುವಾರ ಬಹುಪಾಲು ಶೇಂಗಾ ಹೊಲದಲ್ಲೇ ಬಿಟ್ಟು, ಮಡಿಸಿಟ್ಟ ಸೀರೆಯುಟ್ಟು, ಪಂಚಾಕ್ಷರಪ್ಪನ ಮನೆಯ ಮುಂದೆಯೇ ನಡೆದು ಬಸ್ಸು ಹತ್ತಿದಳು. ಹಿಂದಿನ ಓಣಿಯಲ್ಲಿ ಹೋಗಬಹುದಿತ್ತು. ಹೋಗಲಿಲ್ಲ.

ಸೋಮವಾರ ಬೆಳಿಗ್ಗೆ ಮನಸ್ಸು ತಡೆಯದೆ ನಾನು ಅವಳ ಹೊಲಕ್ಕೆ ಹೋದೆ. ಬದುವಿನ ಮೇಲೆ ಪಂಚಾಕ್ಷರಪ್ಪನ ತಾಯಿ ದಾಕ್ಷಾಯಣಮ್ಮ ಹಣೆ ತುಂಬ ವಿಭೂತಿ ಧರಿಸಿ ನಿಂತಿದ್ದಳು. ಹಿಂದೆ ಸೊಸೆ ಭಾಗ್ಯ. ಕನಕಮ್ಮ ಸೊಂಟ ನೆಟ್ಟಗೆ ಮಾಡಿ, "ಪ್ರಾರ್ಥನಿ ಬಿಡ್ಸಾಕ ಬಂದಿದ್ರ ಹಂಗ ಹೋಗ್ರಿ ಅಮ್ಮಾರ" ಎಂದಳು.

"ನಿನ್ನ ದೇವ್ರು ನಿನಗ, ನನ್ನ ದೇವ್ರು ನನಗ," ಎಂದಳು ಮುದುಕಿ. "ಹೋದ ವಾರ ನಮ್ಮ ಹೊಲದಾಗ ನಿನ್ನ ಬೆವ್ರು ಬಿದ್ದೈತಿ. ಮುಯ್ಯಿ ಉಳಿಸ್ಕೊಂಡು ಸಾಯಾಕಿ ಅಲ್ಲ ನಾನು. ಸಾಲು ತೋರ್ಸು."

ಭಾಗ್ಯ ಹೆದರಿ ಹಿಂದೆ ನೋಡಿದಳು. "ಅತ್ತಿ, ಮನ್ಯಾಗ ಅವ್ರು ಕೇಳಿದ್ರ?"

"ಕೇಳ್ಲಿ. ಅವನ್ನ ಹಡದಾಕಿ ನಾನು."

ನಾನೂ ಸೆರಗು ಸಿಕ್ಕಿಸಿಕೊಂಡು ಸಾಲಿಗೆ ಇಳಿದೆ.